ಮೂರು ಮೊಳ ಹಳದಿ ರಿಬ್ಬನ್

ಫಿನಾಯಿಲ್ ವಾಸನೆ, ಅದರಡಿಯಲ್ಲಿ ಒದ್ದೆ ನಾಯಿಕೂದಲಿನ ವಾಸನೆ, ಗೋಡೆಯ ಕ್ಯಾಲೆಂಡರಿನಲ್ಲೊಂದು ಹಸು, ಅದರ ಕಿವಿಗೆ ಹಳದಿ ಬಿಲ್ಲೆ — ಹಳದಿ, ಬೇಡ, ಅತ್ತ ನೋಡುವುದೇ ಬೇಡ — ಓತಿಲಿಯಾ ಮುಖ ತಿರುಗಿಸಿ ಮಡಿಲಲ್ಲಿದ್ದ ಖಾಲಿ ಕಂಬಳಿಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು, ಮುಕ್ಕಾಲು ಗಂಟೆಯ ಹಿಂದೆ ಇದರೊಳಗೆ ಪೊಚೋಲೊ ಇದ್ದ, ಹನ್ನೊಂದು ವರ್ಷ ಅವಳ ಕಾಲಡಿಯಲ್ಲೇ ಮಲಗಿದ ನಾಯಿ, ಈಗ ಆ ಬಾಗಿಲಿನಾಚೆ ಮೇಜಿನ ಮೇಲೆ ಹೊಟ್ಟೆ ಕೊಯ್ಸಿಕೊಂಡು ಬಿದ್ದಿದ್ದಾನೆ, ಬದುಕ್ತಾನಾ ಡಾಕ್ಟರೇ ಅಂದರೆ ಇರಿಗೋಯೆನ್ ಡಾಕ್ಟರಮ್ಮ ಕೈಗವಸು ಏರಿಸುತ್ತ ಅಂದದ್ದು ಇಷ್ಟೇ, ಮೊನ್ನೆನೇ ಕರ್ಕೊಂಡ್ ಬರೋದಲ್ವಾ ಅಜ್ಜಿ. ಮೊನ್ನೆ ಏನು ಮಾಡುತ್ತಿದ್ದೆ ಓತಿಲಿಯಾ, ಅಳೆಯುತ್ತಿದ್ದೆ, ಇನ್ನೇನು, ಊರಿನಲ್ಲಿ ಯಾರ ಮಗುವಿಗೆ ಹೊಟ್ಟೆ ಕಟ್ಟಿಕೊಂಡರೂ ನಿನ್ನ ಬಾಗಿಲಿಗೇ ಬರುವುದು, ರಿಬ್ಬನ್ನಿನ ಒಂದು ತುದಿ ಮಗುವಿನ ಹೊಟ್ಟೆಯ ಗುಳಿಗೆ, ಇನ್ನೊಂದು ನಿನ್ನ ಕೈಗೆ, ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ, ಎರಡು, ಮೂರು, ಮೂರನೆಯದು ಗುಳಿಯಲ್ಲೇ ಮುಗಿದರೆ ಹೊಟ್ಟೆ ಸರಿಯಿದೆ, ಬೆರಳು ಎದೆಗೆ ಏರಿದರೆ ಕಟ್ಟಿದೆ, ಗಂಟಲಿಗೆ ಏರಿದರೆ ಬಲವಾಗಿ ಕಟ್ಟಿದೆ, ಅದು ಇಳಿಯುವವರೆಗೂ ತುಟಿಯೊಳಗೇ ಪ್ರಾರ್ಥನೆ, ಕ್ರಿಸ್‌ಮಸ್ಸಿನ ಹಿಂದಿನ ದಿನ ಅಮ್ಮ ಕಿವಿಯಲ್ಲಿ ಹೇಳಿಕೊಟ್ಟದ್ದು, ಅಳೆಯೋವಾಗ ಯಾರೂ ಬಾಯಿ ಬಿಡಬಾರ್ದು ಕಣೇ, ಬಿಟ್ರೆ ಎಲ್ಲಾ ಕೆಟ್ಟೋಗುತ್ತೆ. ಯಾರೂ ಬಾಯಿ ಬಿಡಲಿಲ್ಲ. ಆವತ್ತೂ ಬಿಡಲಿಲ್ಲ.

ಭಾನುವಾರ, ಕುರಿಮರಿ ಸುಟ್ಟ ದಿನ, ಪಕ್ಕದ ಮನೆಯ ನೆಲಿದಾ ಮೊಮ್ಮಗಳನ್ನು ಎಳೆದುಕೊಂಡು ಬಂದಳು, ಕೈ ಕೂಡ ತೊಳೆಯದೆ ಅಳೆದೆ, ಬೆರಳೆಲ್ಲ ಕೊಬ್ಬು, ರಿಬ್ಬನ್ನೆಲ್ಲ ಕೊಬ್ಬು, ಕುರ್ಚಿಯ ಮೇಲೆ ಬಿಟ್ಟು ಎದ್ದೆ, ಸೋಮವಾರ ನೋಡಿದರೆ ಅಮ್ಮನ ಕಾಲದ ಆ ರಿಬ್ಬನ್ ಇಲ್ಲ, ಗಾಳಿಗೆ ಹಾರಿತೇನೋ ಎಂದು ಹೊಸದೊಂದು ಬಿಳಿಯದನ್ನು ಕತ್ತರಿಸಿಕೊಂಡೆ, ಸೋಮವಾರವೇ ಪೊಚೋಲೊ ವಾಂತಿ ಮಾಡಿದ, ಆ ಎರಡನ್ನೂ ಒಂದು ಕಡೆ ಇಟ್ಟು ನೋಡುವ ಬುದ್ಧಿ ಎಲ್ಲಿ ಹೋಗಿತ್ತು ನಿನಗೆ. ಒಂದ್ ಸಲ ಕಕ್ಕಿ, ಹುಲ್ಲು ತಿಂದು, ಬಾಲ ಅಲ್ಲಾಡಿಸ್ಕೊಂಡಿದ್ರೆ ಚಿಂತೆ ಇಲ್ಲ ಅಜ್ಜಿ, ಡಾಕ್ಟರಮ್ಮ ಒಂದೊಂದೇ ಕೇಳುತ್ತಿದ್ದಳು, ಕುಡಿದ ನೀರೂ ವಾಪಸ್ ಬರ್ತಿತ್ತಾ, ಬರ್ತಿತ್ತು, ಎರಡು ದಿನದಿಂದ ಹೊರಗೆ ಹೋಗಿಲ್ವಾ, ಇಲ್ಲ, ಹೊಟ್ಟೆ ಮುಟ್ಟಿದ್ರೆ ಕುಂಯ್ ಅಂತಿತ್ತಾ, ಅಂತಿತ್ತು, ವಸಡು ನೋಡಿ ಸುಣ್ಣದ ಥರ ಆಗಿದೆ, ಇಷ್ಟರಲ್ಲಿ ಒಂದು ಕಂಡ್ರೂ ಎತ್ಕೊಂಡು ಓಡಿ ಬರ್ಬೇಕು, ಮೂರು ದಿನ ರಿಬ್ಬನ್ ಹಿಡ್ಕೊಂಡು ಕೂರೋದಾ. ಕೂತಿದ್ದೆ. ನೆಲಿದಾ ಬಿಳಿ ರಿಬ್ಬನ್ನಿನ ತುದಿಯನ್ನು ಪೊಚೋಲೊನ ಹೊಟ್ಟೆಗೆ ಒತ್ತಿ ಹಿಡಿದಿದ್ದಳು, ಅಳೆದೆ, ಬೆರಳು ಎದೆಗೆ ಏರಿತು, ಮಂಗಳವಾರ ಗಂಟಲಿಗೆ, ಪೊಚೋಲೊ ಮುಂಗಾಲು ಚಾಚಿ ಎದೆಯನ್ನು ನೆಲಕ್ಕೂರಿ ಹಿಂಭಾಗ ಮೇಲೆತ್ತಿಕೊಂಡು ನಿಂತ, ಅಯ್ಯೋ ನೋಡೇ ಓತಿಲಿಯಾ, ನಿನ್ನ ನಾಯಿ ನಿನಗಿಂತ ದೊಡ್ಡ ಭಕ್ತ, ಮಂಡಿ ಊರಿ ಬೇಡ್ಕೋತಿದಾನೆ ಎಂದು ನೆಲಿದಾ ನಕ್ಕಳು, ನೀನೂ ನಕ್ಕೆ, ನಾಚಿಕೆಯಾಗಬೇಕು ನಿನಗೆ, ಅದು ಭಕ್ತಿ ಅಲ್ಲ ಅಜ್ಜಿ, ಹೊಟ್ಟೆನೋವು ತಡೀಲಾರ್ದೆ ಹಂಗೆ ಬಾಗೋದು, ಅಂದಳು ಡಾಕ್ಟರಮ್ಮ. ಕ್ಲೆಬೆರ್ ಕೂಡ ಹಾಗೇ ಬಾಗಿದ್ದ, ಹಾಸಿಗೆಯಲ್ಲಿ ಮುಖ ಹುದುಗಿಸಿ, ಅಣ್ಣ, ಒಂಬತ್ತು ವರ್ಷ ಅವನಿಗೆ, ಆರು ನಿನಗೆ, ಅಮ್ಮ ಅವನನ್ನು ಅಂಗಾತ ಮಲಗಿಸಿ ಅಳೆಯುತ್ತಿದ್ದಳು, ಗುಳಿಗೆ ತುದಿ ಒತ್ತಿ ಹಿಡಿದವಳು ನೀನು, ಬೆರಳ ಕೆಳಗೆ ಅವನ ಹೊಟ್ಟೆ ಬಟ್ಟೆ ಒಗೆಯುವ ಹಲಗೆಯಂತೆ ಗಟ್ಟಿ, ಕೆಂಡದಂತೆ ಬಿಸಿ, ಅಮ್ಮಾ ಇದು ಕಲ್ಲಾಗಿದೆ ಅನ್ನಬೇಕಿತ್ತು, ಕ್ಲೆಬೆರ್ ನಿನ್ನನ್ನೇ ನೋಡುತ್ತಿದ್ದ, ಹೇಳೇ ಅನ್ನುವ ಹಾಗೆ ನೋಡುತ್ತಿದ್ದ, ಅಳೆಯುವಾಗ ಬಾಯಿ ಬಿಡಬಾರದು, ನೀನು ಬಿಡಲಿಲ್ಲ, ಎದೆ, ಗಂಟಲು, ಗಲ್ಲ, ನಾಲ್ಕನೆಯ ದಿನ ಮಾವನ ಲಾರಿಯಲ್ಲಿ ಆಸ್ಪತ್ರೆಯ ದಾರಿ ಹಿಡಿದರು, ದಾರಿ ಮುಗಿಯುವ ಮೊದಲೇ ಅವನು ಮುಗಿದ, ಒಳಗೆ ಅಪೆಂಡಿಕ್ಸ್ ಒಡೆದಿತ್ತಂತೆ. ಅಮ್ಮ ಆಮೇಲೂ ಅಳೆಯುವುದನ್ನು ಬಿಡಲಿಲ್ಲ. ಅವಳು ಸತ್ತ ಮೇಲೆ ನೀನು ಹಿಡಿದೆ. ಯಾಕೆ ಹಿಡಿದೆ ಎಂದು ಯಾರೂ ಕೇಳಲಿಲ್ಲ, ಕ್ಲೆಬೆರ್ ಮಾತ್ರ ಇನ್ನೂ ನೋಡುತ್ತಾನೆ.

ಒಳಗೆ ಪಾತ್ರೆಯೊಂದು ಠಣ್ ಅಂದಿತು. ಇವತ್ತು ಬೆಳಗ್ಗೆ, ಚಹಾದಂತೆ ಕುಡಿಯುವ ಯೆರ್ಬಾ ಸೊಪ್ಪಿಗೆ ಬಿಸಿನೀರು ಹೊಯ್ಯುತ್ತಿದ್ದಾಗ, ಪೊಚೋಲೊನ ಬಾಲದ ಕೆಳಗೆ ಕಂಡಿತು, ಎರಡು ಬೆರಳಗಲ, ಹಳದಿ, ಭಾನುವಾರದ್ದು, ಅಮ್ಮನದು, ಅಯ್ಯೋ ದೇವರೇ ಅನ್ನುವಷ್ಟರಲ್ಲಿ ಕೈ ಮುಂದೆ ಹೋಗಿತ್ತು, ಕಟ್ಟಿದ ಹೊಟ್ಟೆ ಬಿಡಿಸಲು ಮಕ್ಕಳ ಬೆನ್ನಿನ ತೊಗಲು ಹಿಡಿದು ಚಟ್ ಅನ್ನುವವರೆಗೆ ಎಳೆದು ರೂಢಿಯಾದ ಕೈ, ಹಿಡಿಯಿತು, ಎಳೆಯಿತು, ಒಂದೇ ಸಲ, ಪೊಚೋಲೊ ಕೂಗಿದ ಕೂಗು ನಾಯಿಯದಾಗಿರಲಿಲ್ಲ. ಆಮೇಲೆ ಕಂಬಳಿ, ರಸ್ತೆ, ಈ ಬಾಗಿಲು. ತುದಿ ಕಾಣಿಸ್ತಿದೆ, ನೀವು ಎಳೀಲಿಲ್ಲ ತಾನೇ ಅಜ್ಜಿ, ಎಳೆದ್ರೆ ಒಳಗೆ ಕರುಳು ಕುಯ್ದುಹೋಗುತ್ತೆ, ಎಂದು ಡಾಕ್ಟರಮ್ಮ ಕೇಳಿದಳು, ಇಲ್ಲ ಅಂದೆ, ಎಷ್ಟು ಸಲೀಸಾಗಿ ಅಂದುಬಿಟ್ಟೆ, ಇಲ್ಲಮ್ಮ, ಮುಟ್ಟಲೇ ಇಲ್ಲ. ಬಾಗಿಲಿನಾಚೆ ಈಗ ಅವಳದೇ ದನಿ, ದಣಿದ ದನಿ, ಸಹಾಯಕಿಗೆ ಹೇಳುತ್ತಿದ್ದಾಳೆ, ಪೂರ್ತಿ ಬಂತು ನೋಡು, ಮೂರು ಮೊಳ ಇದೆಯಲ್ಲೇ, ಕತ್ತರಿಸಿದ ಜಾಗ ಹೊಲಿದಾಯ್ತು, ಮುಚ್ಚಿಬಿಡೋಣ. ಮುಚ್ಚಿಬಿಡೋಣ — ಬಾಯಿ ಬಿಡಬಾರದು — ಹೇಳಿದರೆ ಏನಂದುಕೊಳ್ಳುತ್ತಾಳೆ, ಊರೆಲ್ಲ ಏನನ್ನುತ್ತದೆ, ಹೇಳದಿದ್ದರೆ, ಬೆರಳ ಕೆಳಗೆ ಹಲಗೆ, ಕೆಂಡ, ಹೇಳೇ, ಹೇಳೇ ಓತಿ — ಕಂಬಳಿ ನೆಲಕ್ಕೆ ಬಿತ್ತು, ಅವಳು ಎದ್ದು ಬಾಗಿಲನ್ನು ಅಂಗೈಯಿಂದ ಬಡಿದಳು, ಮುಚ್ಬೇಡಿ ಡಾಕ್ಟರೇ, ನಾನು ಎಳೆದೆ, ಸುಳ್ಳು ಹೇಳ್ದೆ, ನಾನು ಎಳೆದೆ. ಬಾಗಿಲು ಒಂದಿಷ್ಟು ತೆರೆಯಿತು, ಸಹಾಯಕಿಯ ಹೆಗಲ ಮೇಲಿಂದ ಡಾಕ್ಟರಮ್ಮನ ಕಣ್ಣು, ಎಷ್ಟು ಬಂತು ಅಜ್ಜಿ, ಸರಿಯಾಗಿ ಹೇಳಿ. ಓತಿಲಿಯಾ ಎರಡು ಬೆರಳೆತ್ತಿ ತೋರಿಸಿದಳು, ಕಂಡದ್ದರ ಮೇಲೆ ಇನ್ನೂ ಇಷ್ಟು. ಬಾಗಿಲು ಮುಚ್ಚಿತು. ದೀಪ ಇತ್ತ ತಿರುಗಿಸು, ಕರುಳಿನ ಕೊನೇ ಕಡೆ ಇನ್ನೊಂದ್ ಸಲ ನೋಡೋಣ, ಇನ್ನೂ ಕೆಳಗೆ, ಇನ್ನೂ, ತಡಿ — ಇಲ್ಲಿದೆ ನೋಡು ತೂತು, ದಾರ ಕೊಡು, ಬೇಗ, ಉಸಿರು ನೋಡ್ತಾ ಇರು. ಉಸಿರು ಇದೆ ಎಂದಳೋ, ಇಲ್ಲ ಎಂದಳೋ ಸಹಾಯಕಿ, ಓತಿಲಿಯಾಳ ಕಿವಿಗೆ ಬೀಳಲಿಲ್ಲ, ಎತ್ತಿದ ಕೈಯನ್ನು ಇಳಿಸುವುದು ಅವಳಿಗೆ ಮರೆತೇಹೋಗಿತ್ತು, ಕಣ್ಣೆದುರಿಗೆ ಅದೇ, ಎರಡು ಬೆರಳು, ಎರಡು ಬೆರಳಗಲ ಹಳದಿ.