ಮರಳಿನ ದಂಡೆಯ ಮೇಲೊಂದು ಮನೆ

ನದಿ ತಂದು ಹಾಸಿದ ನೆಲದ ಮೇಲೆ ಮನೆ ಕಟ್ಟಿ, ಆ ಮನೆಗಾಗಿ ಅದೇ ನದಿಯ ಮರಳನ್ನು ಬಾಚಿ ತರುತ್ತೀರಲ್ಲ, ನಿಮ್ಮ ಕಾಲ ಕೆಳಗಿನ ನೆಲವನ್ನು ನೀವೇ ಕೀಳುತ್ತಿದ್ದೀರೆಂಬ ಅರಿವು ನಿಮಗಿಲ್ಲವೇ?

ದೋಣಿ ಕಟ್ಟುವ ಬಡಗಿಗೂ ಇರಲಿಲ್ಲ. ನದಿಯು ಸರೋವರವನ್ನು ಸೇರುವಲ್ಲಿ, ಕುಡುಗೋಲಿನಂತೆ ಬಾಗಿ ನೀರಿನೊಳಕ್ಕೆ ಚಾಚಿದ ಮರಳಿನ ದಂಡೆಯ ಮೇಲೆ, ಅವನು ಮಗಳಿಗೂ ಎಳೆಗೂಸು ಮೊಮ್ಮಗಳಿಗೂ ಮನೆ ಎಬ್ಬಿಸುತ್ತಿದ್ದ. ಬೇಕಾದ ಮರಳನ್ನು ನದಿಯ ಬಾಯಿಯಿಂದಲೇ ದೋಣಿಯಲ್ಲಿ ತುಂಬಿ ತರುತ್ತಿದ್ದ.

ಶಾಲೆಯಲ್ಲಿ ಭೂಗೋಳ ಕಲಿಸುವ ಅವನ ಅಕ್ಕ ಒಂದು ದಿನ ಬಂದವಳೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನೋ ಇದು? ನೀರಲ್ಲಿ ಮನೆ ಕಟ್ತಿದ್ದೀಯಾ?"

"ನೀರೆಲ್ಲಿದೆಯಕ್ಕಾ? ನಾವು ಚಿಕ್ಕವರಿದ್ದಾಗಿಂದ ಇರೋ ನೆಲ. ಪಾಠ ಶುರು ಮಾಡ್ಬೇಡ, ನಾನು ಭೂಗೋಳದಲ್ಲಿ ಯಾವತ್ತೋ ಫೇಲು."

"ಫೇಲಾದವರಿಗೇ ಇನ್ನೊಂದ್ಸಲ ಹೇಳೋದು. ಕೇಳು. ಹೊಳೆ ಓಡ್ತಾ ಮರಳು ಹೊತ್ಕೊಂಡು ಬರುತ್ತೆ. ಸರೋವರಕ್ಕೆ ಬಂದ ಕೂಡ್ಲೇ ಓಟ ನಿಧಾನ ಆಗುತ್ತೆ, ಹೊರೆ ಇಳಿಸಿಬಿಡುತ್ತೆ. ಅದನ್ನ ಅಲೆಗಳು ತಳ್ಳಿ ತಳ್ಳಿ ಈ ಕುಡುಗೋಲು ಮಾಡಿವೆ. ಅಲೆ ದಿನಾ ಒಂದಿಷ್ಟು ಕಿತ್ಕೊಂಡು ಹೋಗುತ್ತೆ, ಹೊಳೆ ತುಂಬಿ ಕೊಡುತ್ತೆ. ಆ ತುಂಬೋದನ್ನೇ ನೀನು ದೋಣಿಗೆ ಹಾಕ್ಕೊಂಡ್ರೆ?"

"ನನ್ನ ಒಂದು ದೋಣಿ ಮರಳಿಗೆ ಹೊಳೆ ಬಡವಾಗುತ್ತಾ?"

"ಒಂದೇನೋ? ಊರಿನ ಅಷ್ಟೂ ಗೋಡೆಗಳು ಎಲ್ಲಿಂದ ಬಂದ್ವು? ಹೋಗ್ಲಿ, ನಿನ್ನ ದೋಣಿ ಕಟ್ಟೋ ಗೂಟ ಎಲ್ಲಿ?"

ಬಡಗಿ ಉಡಾಫೆಯಿಂದ ದಂಡೆಯ ತುದಿಗೆ ಕೈ ತೋರಿಸಿದ. ತೋರಿಸಿದ ಕೈ ಹಾಗೆಯೇ ನಿಂತಿತು. ಒಣಮರಳಿನಲ್ಲಿ ಅವನೇ ನೆಟ್ಟಿದ್ದ ಗೂಟ ಮೊಣಕಾಲುದ್ದದ ನೀರಿನಲ್ಲಿತ್ತು. ದೋಣಿ ಬಿಗಿಯುವಾಗ ಬಟ್ಟೆ ನೆನೆದರೂ ಅವನು ಅದನ್ನು ಲೆಕ್ಕಕ್ಕೆ ತಂದುಕೊಂಡಿರಲಿಲ್ಲ.

"ಸರೋವರ ಏರಿರ್ಬೇಕು," ಎಂದು ಗೊಣಗಿದ.

"ಹಾಗಾದ್ರೆ ಆಚೆ ದಡದ ಬಟ್ಟೆ ಒಗೆಯೋ ಕಲ್ಲು ಯಾಕೆ ಮುಳುಗಿಲ್ಲ?"

ಕಲ್ಲು ಎಂದಿನಂತೆ ಒಣಗಿಯೇ ಇತ್ತು. ನೀರು ಏರಿರಲಿಲ್ಲ, ನೆಲ ಸವೆದಿತ್ತು. ಬಡಗಿ ಗೂಟದಿಂದ ಗೋಡೆಯವರೆಗೆ ಕಣ್ಣಲ್ಲೇ ಅಳೆದ. ಮೊಮ್ಮಗಳ ತೊಟ್ಟಿಲು ತೂಗಲೆಂದು ತಾನೇ ಕೆತ್ತಿದ ತೊಲೆ ಆ ಗೋಡೆಗೆ ಒರಗಿತ್ತು.

"ಅಕ್ಕಾ, ತೊಲೆಯ ಆ ತುದಿ ಹಿಡ್ಕೋ. ದಿನ್ನೆ ಮೇಲೆ ನಾನು ದೋಣಿ ಮಾಡೋ ಶೆಡ್ ಪಕ್ಕ ಜಾಗ ಇದೆ, ಮನೆ ಅಲ್ಲೇ ಕಟ್ತೀನಿ. ಗೋಡೆಗೆ ಮರಳಿನ ಬದಲು ಕ್ವಾರಿಯ ಕಲ್ಲುಪುಡಿ ಸಾಕು."

"ದೋಣಿಯಲ್ಲಿರೋ ಮರಳು?"

"ಬಂದಲ್ಲಿಗೇ ಹೋಗ್ಲಿ. ಈಗಲಾದ್ರೂ ಪಾಸು ಮಾಡ್ತೀಯಾ?"

"ಮನೆ ಮುಗೀಲಿ, ನೋಡೋಣ."

ಓದುಗರೇ, ಮರಳಿನ ದಂಡೆಯಾಗಲಿ, ನಡುಗಡ್ಡೆಯಾಗಲಿ, ನದಿ ಇನ್ನೂ ಕಟ್ಟಿ ಮುಗಿಸದ ನೆಲ. ಅದರ ಮೇಲೆ ಮನೆ ಕಟ್ಟಬೇಡಿ. ನದಿಯ ಬಾಯಿಗೆ ಸನಿಕೆ ಹಾಕಬೇಡಿ, ಹಾಕುವವರನ್ನು ಕಂಡೂ ಸುಮ್ಮನಿರಬೇಡಿ. ಇಂದೇ ನಿಮ್ಮೂರಿನ ದಂಡೆಗೆ ಹೋಗಿ, ನೀರಿನಂಚಿನಲ್ಲಿ ಒಂದು ಗೂಟ ನೆಟ್ಟು ಬನ್ನಿ. ಆಮೇಲೆ ಮರೆಯದೆ ಹೋಗಿ ನೋಡಿ.