ಹಸಿರು ಬಂದ ಮೇಲೆ

ಹೆಬ್ಬಾಳದ ಒಂದು ಕಂಪನಿ ಲಿಫ್ಟುಗಳನ್ನು ನಡೆಸುವ ಸಾಫ್ಟ್‌ವೇರ್ ಮಾಡುತ್ತದೆ. ಕೋಡಿನ ನೂರಾರು ಫೈಲುಗಳನ್ನು ಒಂದಾದ ಮೇಲೊಂದು ಯಂತ್ರದ ಭಾಷೆಗೆ ತಿರುಗಿಸಿ ಜೋಡಿಸುವ ಕೆಲಸ, ಅಂದರೆ ಬಿಲ್ಡ್, ಮುಗಿಯಲು ಮೊದಲು ಅರ್ಧ ದಿನ ಬೇಕಿತ್ತು. ಮುಖ್ಯಸ್ಥ ಶ್ರೀಕಾಂತ್ ದೊಡ್ಡ ಕಂಪ್ಯೂಟರ್ ತರಿಸಿ, ಎಲ್ಲವೂ ಒಟ್ಟಿಗೆ ಓಡುವಂತೆ ಮಾಡಿಸಿದ. ಸಮಯ ಉಳಿಯಲೆಂದು, ಹಿಂದಿನ ಬಿಲ್ಡಿನ ಫೈಲುಗಳಿದ್ದ ಫೋಲ್ಡರನ್ನು ಪ್ರತಿ ಸಲ ಅಳಿಸುವುದನ್ನೂ ಬಿಡಿಸಿದ. ಈಗ ಕಾಫಿ ಆರುವುದರೊಳಗೆ ಮುಗಿಯುತ್ತಿತ್ತು. ಆಗಾಗ ಪರದೆಯ ಮೇಲೆ ಬಿಲ್ಡ್ ಕೆಟ್ಟಿತೆಂಬ ಕೆಂಪು ಗುರುತು ಬಂದರೆ ಬಟನ್ನು ಇನ್ನೊಮ್ಮೆ ಒತ್ತುತ್ತಿದ್ದರು, ಹಸಿರು ಬರುತ್ತಿತ್ತು. ತಾನಾಗಿ ನಿಂತ ಹಲ್ಲುನೋವಿಗೆ ಯಾರು ಡಾಕ್ಟರ ಬಳಿ ಹೋಗುತ್ತಾರೆ?

ಬಿಲ್ಡ್ ನೋಡಿಕೊಳ್ಳುವ ಶರ್ವಾಣಿಗೆ ಮಾತ್ರ ಸಮಾಧಾನವಿರಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ಒಂದೇ ಕೋಡನ್ನು ಎರಡು ಸಲ ಬಿಲ್ಡ್ ಮಾಡಿ ಹೋಲಿಸಿದಳು. ಎರಡೂ ಹಸಿರು, ಆದರೆ ಎರಡೂ ಬೇರೆ ಬೇರೆ. ಬ್ರೇಕ್ ಯಾವಾಗ ಹಿಡಿಯಬೇಕೆಂಬ ಫೈಲು ಪ್ರತಿ ಲಿಫ್ಟಿಗೂ ಹೊಸದಾಗಿ ತಯಾರಾಗಬೇಕು. ಅದು ತಯಾರಾಗುವವರೆಗೆ ಕಾಯಬೇಕೆಂದು ಬ್ರೇಕಿನ ಕೋಡಿಗೆ ಯಾರೂ ಹೇಳಿರಲಿಲ್ಲ. ಸಾಲಾಗಿ ಓಡುತ್ತಿದ್ದಾಗ ಸರದಿಯೇ ಕಾಪಾಡಿತ್ತು. ಈಗ ಅರ್ಧ ಬರೆದದ್ದು ಸಿಕ್ಕರೆ ಕೆಂಪು. ಅಳಿಸದ ಫೋಲ್ಡರಿನಲ್ಲಿ ಚಿಕ್ಕ ಲಿಫ್ಟಿನ ಹಳೆಯ ಫೈಲು ಸಿಕ್ಕರೆ ಹಸಿರು, ಬ್ರೇಕ್ ಮಾತ್ರ ಚಿಕ್ಕ ಲಿಫ್ಟಿನ ಲೆಕ್ಕದಲ್ಲಿ.

ಅವತ್ತೇ ತಣಿಸಂದ್ರದ ಅಪಾರ್ಟ್‌ಮೆಂಟಿನ ದೊಡ್ಡ ಲಿಫ್ಟಿಗೆ ಅಂಥದೇ ಒಂದು ಹಸಿರು ಬಿಲ್ಡ್ ಹೋಗಿತ್ತು.

ಅದನ್ನು ನಿಲ್ಲಿಸಿ, ಬಿಲ್ಡನ್ನು ಮತ್ತೆ ಸಾಲಾಗಿ ಓಡಿಸೋಣ ಎಂದಾಗ ಶ್ರೀಕಾಂತ್ ನಕ್ಕುಬಿಟ್ಟ. "ಸಾಲಾಗಿ ಹೋಗೋಕೆ ಇದೇನಮ್ಮ ಮೆರವಣಿಗೇನಾ? ಟೆಸ್ಟ್ ಪಾಸಾಗಿದೆ."

"ಟೆಸ್ಟ್ ಮಾಡಿದ್ದು ಖಾಲಿ ಲಿಫ್ಟಲ್ಲಿ, ಸಾರ್."

ಅವನು ಸೋಮವಾರ ನೋಡೋಣ ಎಂದ. ಅವಳು ಹೊರಗೆ ಬಂದು, ತಣಿಸಂದ್ರದಲ್ಲಿದ್ದ ಟೆಕ್ನಿಷಿಯನ್ ಮುನೇಶನಿಗೆ ಮತ್ತೆ ಮತ್ತೆ ಫೋನು ಮಾಡಿದಳು. ಕೊನೆಗೆ ಎತ್ತಿದ.

"ಹೊಸ ಸಾಫ್ಟ್‌ವೇರ್ ಹಾಕಾಯ್ತು ಮೇಡಂ, ಬೆಣ್ಣೆ ಥರ ಓಡ್ತೈತೆ. ಮದ್ವೆ ಮನೆಯೋರು ಈಗ್ತಾನೆ ಹತ್ತವ್ರೆ, ಫುಲ್ ಲೋಡು."

"ಲಿಫ್ಟಿನ ಮೇನ್ ಸ್ವಿಚ್ ಆಫ್ ಮಾಡಿ ಮುನೇಶ್. ಈಗ್ಲೇ."

"ಮಧ್ಯದಲ್ಲಿ ಸಿಕ್ಕಾಕ್ಕೊಂತಾರೆ. ನನ್ನ ಸುಮ್ನೆ ಬಿಡ್ತಾರಾ?"

"ಸಿಕ್ಕಾಕ್ಕೊಳ್ಳಿ. ಕರೆಂಟ್ ಹೋದ್ರೆ ಬ್ರೇಕ್ ತಾನಾಗೇ ಹಿಡಿಯುತ್ತೆ."

ಸ್ವಿಚ್ಚು ಬಿದ್ದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ದೂರದಿಂದ ಬಾಗಿಲು ಬಡಿಯುವುದು, ಹೆಂಗಸೊಬ್ಬಳು ಬೈಯುವುದು ಕೇಳಿತು. ಆ ಬೈಗುಳ ಕೇಳಿ ಶರ್ವಾಣಿಗೆ ಉಸಿರು ಬಂತು.

ಮುನೇಶ್ ದನಿ ತಗ್ಗಿಸಿದ. "ಮೇಡಂ, ಹೋದ ವಾರ ಯಲಹಂಕದಲ್ಲಿ, ಯಶವಂತಪುರದಲ್ಲಿ ಹಾಕಿದ್ನಲ್ಲ. ಅವೆಲ್ಲಾ ಸರಿ ಅವೆ ಅಲ್ವಾ?"

ಗಂಟೆ ಐದೂವರೆ. ಜನ ಕೆಲಸ ಮುಗಿಸಿ ಮನೆಗೆ ಹತ್ತುವ ಹೊತ್ತು.

"ಯಾವ್ದು ಸರಿ ಅಂತ ನಂಗೂ ಗೊತ್ತಿಲ್ಲ," ಎಂದಳು. "ಎಲ್ಲಾನೂ ನಿಲ್ಲಿಸ್ಬೇಕು."