ಒಣಗಲು ಹಾಕಿದ ಬೋರ್ಡು

"ಆ ಬೋರ್ಡನ್ನ ನನ್ನ ಬಾಗಿಲ ಮೇಲಿಂದ ಇಳಿಸ್ತೀರೋ, ಇಲ್ಲಾ ಬಣ್ಣದ ಡಬ್ಬಿ ಸಮೇತ ಬೀದಿಗೆ ಎಸೀಲೋ?"

"ಒಣಗೋಕೆ ಹಾಕಿದೀನಿ ಕಣೆ! ಹಸಿ ಬಣ್ಣ, ಮುಟ್ಟಬೇಡ!"

"ಹಾಲಿನವಳು ತಲೆ ಎತ್ತಿ ಓದಿ, ಹಾಲು ಹಾಕದೇ ಹೋದ್ಲು. ಎದುರುಮನೆಯವಳು ಮಗೂನ ಒಳಗೆ ಎಳ್ಕೊಂಡ್ಲು. ಬರೆಯೋ ಮಹಾನುಭಾವರೇ, ಬರೆದದ್ದೇನು ಅಂತ ಒಂದ್ಸಲ ಓದಿ!"

ಹೆಂಡತಿಯ ಕೂಗು ಕೇಳಿ ಬೋರ್ಡು ಬರೆಯುವವನು ಹೊರಗೆ ಬಂದು ಓದಿದ. ಹಳದಿ ತಗಡಿನ ಮೇಲೆ ಕೆಂಪು ಅಕ್ಷರ: ‘ಎಚ್ಚರಿಕೆ! ವಿದೇಶಿ ಹಣದ ಸಂಸ್ಥೆ’. ಅಕ್ಷರವೇನೋ ಮುತ್ತು ಪೋಣಿಸಿದ ಹಾಗಿತ್ತು. ಸಂಸ್ಥೆಯ ಹೆಸರಿಗೆಂದು ಬಿಟ್ಟ ಜಾಗ ಇನ್ನೂ ಖಾಲಿ. ಇಪ್ಪತ್ತು ವರ್ಷದಿಂದ ಅವನು ಬೋರ್ಡುಗಳನ್ನು ಒಣಗಲು ನೇತುಹಾಕುತ್ತಿದ್ದದ್ದು ತನ್ನ ಬಾಗಿಲ ಮೇಲಿನ ಆ ಮೊಳೆಗೇ. ದಂತವೈದ್ಯರ ಬೋರ್ಡು ತೂಗಿದ ದಿನ ಯಾರೋ ಕೆನ್ನೆ ಹಿಡಿದುಕೊಂಡು ಒಳಗೆ ಬಂದಿದ್ದರು. ಆವತ್ತು ಬೀದಿಯೆಲ್ಲ ನಕ್ಕಿತ್ತು. ಇವತ್ತು ಯಾರೂ ನಗಲಿಲ್ಲ.

ಈ ಕೆಲಸ ತಂದವನು ಹೆಂಡತಿಯ ತಮ್ಮ, ಗುತ್ತಿಗೆದಾರ. ಹೊರದೇಶದ ನೆರವು ಪಡೆಯುವ ಸಂಸ್ಥೆಗಳೆಲ್ಲ ಬಾಗಿಲಿಗೆ ಇಂಥ ಬೋರ್ಡು ಹಾಕಬೇಕು, ಪ್ರತಿ ಕೆಲಸಕ್ಕೂ ಮೊದಲೇ ಅನುಮತಿ ಪಡೆಯಬೇಕು ಎಂಬ ಕಾನೂನಿನ ಕರಡನ್ನು ಸರ್ಕಾರ ಹೊರಡಿಸಿ, ಜನರ ಅಭಿಪ್ರಾಯ ಕೇಳಿತ್ತು. ಕಾನೂನು ಇನ್ನೂ ಆಗಿರಲಿಲ್ಲ. ಆದರೆ ಭಾಮೈದ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಗಿರಾಕಿ. ನಲವತ್ತು ಬೋರ್ಡಿಗೆ ಹೇಳಿಟ್ಟಿದ್ದ.

ಅಷ್ಟರಲ್ಲಿ ಅವನೇ ಬಂದ. "ಭೇಷ್ ಭಾವ! ಐವತ್ತು ಹೆಜ್ಜೆ ದೂರಕ್ಕೂ ಕಾಣ್ತಿದೆ."

ಅವನ ಹಿಂದೆಯೇ ಬೋರ್ಡು ಬರೆಯುವವನ ಮಗಳು ಬಂದಳು, ಕ್ಯಾಲಿಪರ್ ಅಕ್ಕನ ಕೈ ಹಿಡಿದು. ಮಗಳ ಎಡಗಾಲಿಗೆ ಬಲವಿಲ್ಲ; ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟಿನ ಕ್ಯಾಲಿಪರ್ ಕಟ್ಟಿಕೊಂಡೇ ನಡೆಯಬೇಕು. ಅದನ್ನು ಮಾಡಿಕೊಟ್ಟು, ಅವಳು ಬೆಳೆದಂತೆಲ್ಲ ಸರಿಪಡಿಸುವವಳು ಈ ಅಕ್ಕ. ಹಿಂದಿನ ಬೀದಿಯಲ್ಲಿ ಹೊರದೇಶದ ನೆರವಿನಿಂದ ನಡೆಯುವ ಕಾರ್ಯಾಗಾರದಲ್ಲಿ ಅವಳ ಕೆಲಸ.

"ಅಪ್ಪಾ, ಮಂಡಿ ಹತ್ರ ಒತ್ತುತ್ತೆ."

"ಎರಡು ಬೆರಳು ಬೆಳೆದಿದಾಳೆ," ಎಂದಳು ಕ್ಯಾಲಿಪರ್ ಅಕ್ಕ. "ಪಟ್ಟಿ ಬದಲಾಯಿಸ್ಬೇಕು. ಆದ್ರೆ ಈ ಕಾನೂನು ಬಂದ್ರೆ ನಮ್ಮ ಬಾಗಿಲು ತೆರೆದಿರುತ್ತೋ ಇಲ್ವೋ." ಆಮೇಲೆ ತಲೆ ಎತ್ತಿದಳು. "ಓ, ನಮ್ಮ ಬೋರ್ಡು ನಿಮ್ಮನೇಲೇ ತಯಾರಾಗ್ತಿದೆಯಾ ಅಣ್ಣಾ?"

ಬೋರ್ಡು ಬರೆಯುವವನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ತಿಳಿಯದಿದ್ದಾಗ ಮನುಷ್ಯ ದನಿ ಏರಿಸುತ್ತಾನೆ. ಅವನೂ ಏರಿಸಿದ. "ಮತ್ತೆ ಹೊರಗಿನವರ ಹಂಗು ಯಾಕಮ್ಮ ನಮಗೆ? ಸುಮ್ಸುಮ್ನೆ ಕೊಡ್ತಾರಾ ಅವರು? ಒಳಗೆ ಏನೋ ಇರುತ್ತೆ."

"ಕೇಳಬೇಕಾದ್ದನ್ನೇ ಕೇಳಿದ್ರಿ. ಎಲ್ಲಿಂದ ಬಂತು, ಯಾತಕ್ಕೆ ಹೋಯ್ತು ಅಂತ ನಾವು ವರ್ಷವರ್ಷ ಬರೆದು ಕೊಡ್ತೀವಿ. ಯಾರಾದ್ರೂ ತಪ್ಪು ಮಾಡಿದ್ರೆ ಈಗಿರೋ ಕಾನೂನಲ್ಲೇ ಹಿಡೀಲಿ, ನಾನೇ ಮನೆ ತೋರಿಸ್ತೀನಿ. ಆದ್ರೆ ಈ ಕರಡಿನಲ್ಲಿ ತಪ್ಪು ಮಾಡಿದೋರಿಗೂ ಮಾಡದೋರಿಗೂ ಒಂದೇ ಬೋರ್ಡು. ಅನುಮತಿ ಬರೋವರೆಗೆ ಬೀಗ. ಎಷ್ಟು ದಿನದಲ್ಲಿ ಕೊಡ್ತಾರೆ ಅಂತ ಎಲ್ಲೂ ಬರೆದಿಲ್ಲ. ನೆಗಡಿ ಆಯ್ತು ಅಂತ ಮೂಗು ಕೊಯ್ಕೋತಾರಾ?"

"ಕಾದ್ರಾಯ್ತಪ್ಪ! ಅನುಮತಿ ಇವತ್ತಲ್ಲ ನಾಳೆ ಬರುತ್ತೆ," ಎಂದ ಭಾಮೈದ.

ಹೆಂಡತಿ ತಮ್ಮನ ಕಡೆ ತಿರುಗಿದಳು. "ಹಾಗಾದ್ರೆ ನೀನೇ ಹೇಳು ಇವಳ ಮೂಳೆಗೆ, ಅನುಮತಿ ಬರೋವರೆಗೆ ಬೆಳೀಬೇಡ ಅಂತ!"

ಮಗಳು ಹೊಸ್ತಿಲ ಮೇಲೆ ಕುಳಿತು ಬೆಲ್ಟು ಸಡಿಲಿಸಿದಳು. ಮಂಡಿಯ ಪಕ್ಕ ಕೆಂಪಗೆ ಗೆರೆ ಬಿದ್ದಿತ್ತು. ಅಪ್ಪ ಆ ಕೆಂಪನ್ನು ನೋಡಿದ. ಬಾಗಿಲ ಮೇಲಿನ ಕೆಂಪನ್ನೂ ನೋಡಿದ.

"ಈಗ ಏನ್ಮಾಡ್ಬೇಕು?" ಎಂದು ಕ್ಯಾಲಿಪರ್ ಅಕ್ಕನನ್ನು ಕೇಳಿದ.

"ಆಕ್ಷೇಪಣೆ ಬರೀರಿ. ಸರ್ಕಾರಿ ಕಚೇರೀಲಿ ಶುಕ್ರವಾರದವರೆಗೆ ತಗೋತಾರೆ. ಹೆಸರು, ವಿಳಾಸ, ಸಹಿ ಇರಲಿ. ಕರಡಿನ ಯಾವ ಮಾತು ಬೇಡ, ಯಾಕೆ ಬೇಡ ಅಂತ ನಿಮ್ಮ ಮಾತಲ್ಲೇ ಇರಲಿ. ನನ್ನದನ್ನ ನಕಲು ಮಾಡಬೇಡಿ, ಎಲ್ಲಾ ಒಂದೇ ಥರ ಇದ್ರೆ ಒಬ್ಬರೇ ಬರೆಸಿದ್ದು ಅಂತಾರೆ. ಕೊಟ್ಟಮೇಲೆ ಸ್ವೀಕೃತಿ ಚೀಟಿ ಕೇಳಿ ಇಸ್ಕೊಳ್ಳಿ."

"ಬರೆದ್ರೆ ನಮಗೇ ತೊಂದರೆ ಬಂದ್ರೆ?"

"ಅಭಿಪ್ರಾಯ ಹೇಳಿ ಅಂತ ಪ್ರಕಟಣೆ ಹಾಕಿದೋರು ಅವರೇ ಅಲ್ವಾ ಅಣ್ಣಾ? ಕೇಳಿದ್ದಕ್ಕೆ ಉತ್ತರ ಕೊಡೋದು ಯಾವ ಊರಿನ ತಪ್ಪು?"

ಅವನು ಏಣಿ ಹತ್ತಿ ಬೋರ್ಡು ಇಳಿಸಿದ. ಸೀಮೆಎಣ್ಣೆಯ ಬಟ್ಟೆಯಿಂದ ಹಸಿ ಅಕ್ಷರಗಳನ್ನು ಒರೆಸಿಹಾಕಿದ. ಅದೇ ತಗಡಿನ ಮೇಲೆ ಹೊಸದಾಗಿ ಬರೆದ: ‘ಕರಡಿಗೆ ಆಕ್ಷೇಪಣೆ ಬರೆಯಲು ಒಳಗೆ ಬನ್ನಿ. ಶುಕ್ರವಾರ ಕಡೆಯ ದಿನ.’ ಅದೇ ಮೊಳೆಗೆ ತೂಗುಹಾಕಿದ.

"ಭಾವಾ, ತಲೆ ನೆಟ್ಟಗಿದೆಯಾ? ಇಳಿಸಿ ಅದನ್ನ! ಇಲ್ಲಾಂದ್ರೆ ಈ ಮನೆಗೂ ನನಗೂ ಋಣ ಹರೀತು!"

"ಒಣಗೋಕೆ ಹಾಕಿದೀನಿ ಕಣೋ. ಹಸಿ ಬಣ್ಣ, ಮುಟ್ಟಬೇಡ."

ಭಾಮೈದ ತನ್ನ ಅಕ್ಕನ ಮುಖ ನೋಡಿದ. ಅವಳು ಅವನಿಗೆಂದು ತಂದ ಚಹಾ ಹಿಡಿದುಕೊಂಡು ಬೋರ್ಡಿನ ಕೆಳಗೇ ನಿಂತಿದ್ದಳು, ಅಲ್ಲಿಂದ ಕದಲಲಿಲ್ಲ. ಅವನು ಚಪ್ಪಲಿ ಮೆಟ್ಟಿ ಹೊರಟ. ಚಹಾ ಆರಿತು. ಸಂಜೆ ಹಾಲಿನವಳು ಬಂದಳು, ಕ್ಯಾನು ಕೆಳಗಿಟ್ಟು ಪೆನ್ನು ಕೇಳಿದಳು. ಶುಕ್ರವಾರದ ಹೊತ್ತಿಗೆ ಬೀದಿಯ ಅರ್ಧ ಜನ ಬಂದು ಬರೆದರು. ಭಾಮೈದ ಮಾತ್ರ ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ.

ಇದನ್ನು ಓದುತ್ತಿರುವವರೇ, ‘ನಮಗ್ಯಾಕೆ ಊರ ಉಸಾಬರಿ’ ಅನ್ನಬೇಡಿ. ಕರಡನ್ನು ಪೂರ್ತಿ ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ. ನಿಮ್ಮ ಮನೆಗೆ ಬಂದ ದಾದಿ, ಮಕ್ಕಳಿಗೆ ಪಾಠ ಹೇಳಿದವರು, ಕಷ್ಟದಲ್ಲಿ ಜೊತೆಗೆ ನಿಂತ ಸಂಘ ನಾಳೆ ಬಾಗಿಲು ಮುಚ್ಚಿದರೆ ಏನಾಗುತ್ತದೆಂದು ನಿಮ್ಮ ಕೈಯಾರೆ ಬರೆಯಿರಿ. ಸಹಿ ಹಾಕಿ, ಚೀಟಿ ಪಡೆಯಿರಿ. ಮನಸ್ಸು ಮುರಿದುಕೊಂಡು ಹೋದವರಿಗಾಗಿ ಕಾಯುತ್ತ ಕೂರಬೇಡಿ. ಕಡೆಯ ದಿನ ಯಾರಿಗೂ ಕಾಯುವುದಿಲ್ಲ.